ಆಜ್ಞೆ, ಒಪ್ಪಿಗೆ ಮತ್ತು ಮಿತಾಕ್ಷರ

ಕಾನೂನು ಯಾವ ಬಲದಿಂದ ಕಾನೂನಾಗುತ್ತದೆ ಎಂಬ ಪ್ರಶ್ನೆಗೆ ಜಾನ್ ಆಸ್ಟಿನ್ 1832ರಲ್ಲಿ ನೀಡಿದ ಉತ್ತರ ಸರಳವಾದುದು: ಅದು ಸಾರ್ವಭೌಮನ ಆಜ್ಞೆ; ಮೀರಿದವನಿಗೆ ದಂಡನೆಯುಂಟು. ಈ ವ್ಯಾಖ್ಯೆಯ ಕೊರತೆಯನ್ನು ಭಾರತದ ಅನುಭವವೇ ಬಯಲಿಗಿಟ್ಟಿತು. ಹೆನ್ರಿ ಮೇನ್ 1875ರಲ್ಲಿ ಪಂಜಾಬಿನ ರಣಜಿತ್ ಸಿಂಗನನ್ನು ನಿದರ್ಶನವಾಗಿ ಮುಂದಿಟ್ಟು, ಅಂಥ ನಿರಂಕುಶ ಪ್ರಭುವೂ ಆಸ್ಟಿನ್ನನ ಅರ್ಥದ ಕಾನೂನನ್ನು ಮಾಡಲಿಲ್ಲ, ಪ್ರಜೆಗಳ ಬದುಕನ್ನು ಆಳಿದ್ದು ರೂಢಿಗಳೇ ಎಂದು ವಾದಿಸಿದ.

ಮಿತಾಕ್ಷರವು ಇದಕ್ಕಿಂತಲೂ ತೀಕ್ಷ್ಣವಾದ ನಿದರ್ಶನ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರ ರಚಿಸಿದ ಈ ಗ್ರಂಥ ರಾಜಶಾಸನವಲ್ಲ. ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ. ಆದರೂ ಚಾಲುಕ್ಯರ ಗಡಿಯಾಚೆ, ಆ ವಂಶ ಅಳಿದ ಶತಮಾನಗಳ ತರುವಾಯವೂ, ದಾಯಭಾಗವನ್ನು ಅನುಸರಿಸಿದ ಬಂಗಾಳವನ್ನುಳಿದು ಭಾರತದ ಬಹುಭಾಗದಲ್ಲಿ ಅದು ಪ್ರಮಾಣವೆನಿಸಿತು. ಆಜ್ಞಾಪಿಸಿದವನೇ ಇಲ್ಲದ ಈ ಅಧಿಕಾರವನ್ನು ಆಸ್ಟಿನ್ನನ ಸಿದ್ಧಾಂತ ವಿವರಿಸಲಾರದು.

ಎಚ್.ಎಲ್.ಎ. ಹಾರ್ಟ್ 1961ರಲ್ಲಿ ಮಂಡಿಸಿದ ವಿಚಾರ ಇಲ್ಲಿ ಹೆಚ್ಚು ನೆರವಾಗುತ್ತದೆ. ಬಂದೂಕು ಹಿಡಿದ ದರೋಡೆಕೋರನಿಗೆ ಹಣ ಕೊಡುವವನು ಬಲವಂತಕ್ಕೆ ಮಣಿಯುತ್ತಾನೆ. ಅವನಿಗೆ ಬಾಧ್ಯತೆಯೇನೂ ಇರುವುದಿಲ್ಲ. ಬಾಧ್ಯತೆಗೆ ಬೇಕಾದುದು ನಿಯಮದ ಒಪ್ಪಿಗೆ. ಯಾವುದು ಕಾನೂನು, ಯಾವುದು ಅಲ್ಲ ಎಂಬುದನ್ನು ಗೊತ್ತುಪಡಿಸುವ 'ಮನ್ನಣೆಯ ನಿಯಮ'ವೂ ಅಂಥ ಒಪ್ಪಿಗೆಯ ಮೇಲೆಯೇ ನಿಂತಿದೆ.

ಆದರೆ ಯಾರ ಒಪ್ಪಿಗೆ? ಅಧಿಕಾರಿವರ್ಗ, ಮುಖ್ಯವಾಗಿ ನ್ಯಾಯಾಧೀಶರು, ಒಪ್ಪಿದರೆ ಸಾಕು. ಉಳಿದವರು ಸುಮ್ಮನೆ ಪಾಲಿಸಿದರೂ ಕಾನೂನಿನ ವ್ಯವಸ್ಥೆ ಇದ್ದೇ ಇರುತ್ತದೆ ಎಂಬುದು ಹಾರ್ಟನ ನಿಲುವು. ಅದರ ಅಪಾಯವನ್ನು ಅವನೇ ಗುರುತಿಸಿದ್ದನೆಂಬುದು ನಿಜ. ಆದರೂ ಸಿದ್ಧಾಂತ ಆ ಎಚ್ಚರಿಕೆಯಲ್ಲೇ ನಿಂತುಬಿಡುತ್ತದೆ. 1810ರಲ್ಲಿ ಕೋಲ್‌ಬ್ರೂಕ್ ದಾಯವಿಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದ ಮೇಲೆ ಮಿತಾಕ್ಷರದ ಮನ್ನಣೆ ಪಂಡಿತರ ಸಭೆಗಳಿಂದ ಬ್ರಿಟಿಷರ ನ್ಯಾಯಾಲಯಗಳಿಗೆ ಸರಿಯಿತು. ಗ್ರಂಥ ಅದೇ, ಒಪ್ಪುವವರು ಬೇರೆ. ಪರಿಣಾಮವನ್ನು ಸ್ತ್ರೀಧನದ ವಿಚಾರದಲ್ಲಿ ಕಾಣಬಹುದು. ದಾಯವಾಗಿ ಬಂದ ಆಸ್ತಿಯನ್ನೂ ವಿಜ್ಞಾನೇಶ್ವರ ಸ್ತ್ರೀಧನವೆಂದೇ ಎಣಿಸಿದ್ದ. ಪ್ರಿವಿ ಕೌನ್ಸಿಲ್ ಮಾತ್ರ 1860ರ ದಶಕದ ತೀರ್ಪುಗಳಲ್ಲಿ, ಗಂಡನಿಂದ ವಿಧವೆಗೆ ಬಂದ ಆಸ್ತಿಯನ್ನು ಆ ಪರಿಧಿಯಿಂದ ಹೊರಗಿಟ್ಟಿತು. ಮಿತಾಕ್ಷರದ ಹೆಸರಿನಲ್ಲೇ ಮಿತಾಕ್ಷರದ ಮಾತು ತಳ್ಳಿಹೋಯಿತು. ಹಾರ್ಟನ ಅಳತೆಗೋಲಿನಲ್ಲಿ ಇದು ನಿರ್ದುಷ್ಟವಾದ ಕಾನೂನು. ಆ ವಿಧವೆಯ ಒಪ್ಪಿಗೆಯನ್ನು ಕೇಳಿದವರಿಲ್ಲ. ವಿಜ್ಞಾನೇಶ್ವರನೂ ಕೇಳಿರಲಿಲ್ಲವೆನ್ನುವುದು ಬೇರೆ ಮಾತು.

ದಾಯವಾಗಿ ಬಂದ ಆಸ್ತಿಯ ಮೇಲೆ ಆಕೆಗೆ ಪೂರ್ಣ ಒಡೆತನ ಸಂದದ್ದು 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ 14ನೆಯ ಪ್ರಕರಣದಿಂದ. ಹುಟ್ಟಿನಿಂದಲೇ ಬರುವ ಸಹದಾಯದ ಹಕ್ಕು ಹೆಣ್ಣುಮಕ್ಕಳಿಗೆ ಕರ್ನಾಟಕದಲ್ಲಿ ತಿದ್ದುಪಡಿಯ ಮೂಲಕ ದೊರೆತದ್ದು 1994ರಲ್ಲಿ, ಆಗಲೂ ಅದಕ್ಕೆ ಮುಂಚೆ ಮದುವೆಯಾದವರನ್ನು ಬಿಟ್ಟು.