ಗಹಾಳ್ ಆದ ಫೋನು, ಮೂರು ಸಂಪುಟಗಳ ಪುಸ್ತಕ

ಪ್ರತಿ ವರ್ಷ ತಪ್ಪದೆ ನಾನು ಓದುವ ಪುಸ್ತಕ ಒಂದೇ. ಅದಕ್ಕೆ ಲೇಖಕರ ಹೆಸರಿಲ್ಲ. ಮೂರು ಸಂಪುಟ, ಎಲ್ಲಿ ತೆರೆದರೂ ಕೋಷ್ಟಕ. ‘ಕ್ರೈಮ್ ಇನ್ ಇಂಡಿಯಾ’ ಅದರ ಹೆಸರು. 1953ರ ಅಂಕಿಅಂಶಗಳಿಂದ ಶುರುವಾದ ಈ ವಾರ್ಷಿಕ ವರದಿಯನ್ನು ಈಗ ಹೊರತರುವುದು 1986ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ (ಎನ್‌ಸಿಆರ್‌ಬಿ). ಕಥೆ, ಕವಿತೆಗಳ ನಡುವೆ ಇದರ ವಿಮರ್ಶೆ ಯಾಕೆ ಅಂದರೆ, ಇಷ್ಟೊಂದು ಜನ ಉಲ್ಲೇಖಿಸಿ ಇಷ್ಟು ಕಡಿಮೆ ಜನ ಓದುವ ಪುಸ್ತಕ ಇನ್ನೊಂದು ನನಗೆ ಸಿಕ್ಕಿಲ್ಲ.

ಇದು ನನ್ನ ಕೈಗೆ ಬಂದದ್ದು ಓದಿನ ಚಟದಿಂದಲ್ಲ. 2022ರಲ್ಲಿ ನಾವು ನಾಸಿಕ್‌ನಲ್ಲಿದ್ದೆವು. ಛತ್ರಪತಿ ಸಂಭಾಜಿನಗರದಲ್ಲಿ, ಆಗಿನ್ನೂ ಔರಂಗಾಬಾದ್, ವಾಳೂಜ್‌ನ ಕಾರ್ಖಾನೆಯೊಂದರ ಸಾಫ್ಟ್‌ವೇರ್ ಪ್ರಾಜೆಕ್ಟು ನನ್ನ ಪಾಲಿಗೆ ಬಂತು. ಊರು ಬದಲಿಸುವ ಮಾತೆತ್ತಿದಾಗ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: “ಮಗಳು ಸಂಜೀ ಕ್ಲಾಸ್ ಮುಗಿಸಿ ಬರೂದು ಎಂಟೂವರೆ ಆಗ್ತದ. ಎರಡರಾಗ ಯಾವ ಊರು ಚಲೋ, ಅಷ್ಟು ಹೇಳ್ರಿ ಸಾಕು.” ಅಷ್ಟರಲ್ಲಿ ಜಮಖಂಡಿಯಿಂದ ಅವ್ವ ಒಂದು ವಾಟ್ಸಾಪ್ ಫಾರ್ವರ್ಡ್ ಕಳಿಸಿದ್ದಳು. ಯಾವುದೋ ನಗರದಲ್ಲಿ ಅಪರಾಧ ಇಷ್ಟು ಪಟ್ಟು ಹೆಚ್ಚಿದೆ ಎಂಬ ಕೆಂಪು ಬಾಣದ ಚಿತ್ರ. ಎಂಟೆಕ್ ಮಾಡಿದವನು, ದಿನವೂ ಡ್ಯಾಶ್‌ಬೋರ್ಡ್ ನೋಡುವವನು, ಎರಡು ದಿನ ಕೊಡು ಎಂದೆ. ಆರು ವಾರ ಹಿಡಿಯಿತು.

ಮೊದಲ ತೊಡಕು ಊರುಗಳನ್ನು ಹುಡುಕುವುದರಲ್ಲೇ. 2001ರ ಜನಗಣತಿಯಲ್ಲಿ ಹತ್ತು ಲಕ್ಷ ದಾಟಿದ 35 ನಗರಗಳ ಪಟ್ಟಿಯಲ್ಲಿ ನಾಸಿಕ್ ಇತ್ತು. ಔರಂಗಾಬಾದಿನ ಪಾಲಿಕೆ ಜನಸಂಖ್ಯೆ ಆಗ 8.73 ಲಕ್ಷ, ಹಾಗಾಗಿ ಪಟ್ಟಿಯಲ್ಲಿ ಇಲ್ಲ. 2011ರ ಜನಗಣತಿಯ ನಂತರ ಪಟ್ಟಿ 53 ನಗರಗಳಿಗೆ ಬೆಳೆಯಿತು, ಎರಡೂ ಊರು ಒಳಗೆ ಬಂದವು. 2016ರ ವರದಿಯಲ್ಲಿ ಅಳತೆ ಮತ್ತೆ ಬದಲಾಗಿ, 20 ಲಕ್ಷ ದಾಟಿದ 19 ಮಹಾನಗರಗಳಷ್ಟೇ ಮುಖ್ಯ ಕೋಷ್ಟಕದಲ್ಲಿ ಉಳಿದವು. ನಮ್ಮ ಎರಡೂ ಊರು ಅಲ್ಲಿಂದ ಹೊರಗೆ. ‘ನಗರಗಳಲ್ಲಿ ಅಪರಾಧ’ ಎಂಬ ಒಟ್ಟು ಮೊತ್ತವನ್ನು 2010, 2014, 2018 ಎಂದು ಸಾಲಾಗಿ ಇಟ್ಟು ಗೆರೆ ಎಳೆದವರು ಮೂರು ಬೇರೆ ಬೇರೆ ಗುಂಪುಗಳನ್ನು ಜೋಡಿಸಿರುತ್ತಾರೆ.

ಮುಖ್ಯ ಕೋಷ್ಟಕ ಬಿಟ್ಟು ಜಿಲ್ಲಾವಾರು ಕಡತಕ್ಕೆ ಇಳಿದರೆ ಅಲ್ಲಿ ‘ನಾಸಿಕ್ ಕಮಿಷನರೇಟ್’, ‘ನಾಸಿಕ್ ಗ್ರಾಮೀಣ’, ‘ಔರಂಗಾಬಾದ್ ಕಮಿಷನರೇಟ್’, ‘ಔರಂಗಾಬಾದ್ ಗ್ರಾಮೀಣ’ ಎಂದು ಬೇರೆ ಬೇರೆ ಸಾಲುಗಳು. ಬಿಹಾರದಲ್ಲೂ ಒಂದು ಔರಂಗಾಬಾದ್ ಇದೆ. ಹೆಸರು ನೋಡಿ ಜೋಡಿಸುವ ಫಾರ್ಮುಲಾ ಮೊದಲ ಸಲ ಎರಡನ್ನೂ ಕೂಡಿಸಿಬಿಟ್ಟಿತ್ತು. 2023ರಲ್ಲಿ ಹೆಸರು ಬದಲಾದ ಮೇಲೆ ಹಳೆಯ ಸಾಲಿಗೂ ಹೊಸ ಸಾಲಿಗೂ ಕೈಯಾರೆ ಗಂಟು ಹಾಕಬೇಕಾಯಿತು.

ಆಮೇಲೆ ಭಾಗಾಕಾರ. ಲಕ್ಷ ಜನರಿಗೆ ಇಷ್ಟು ಅಪರಾಧ ಎಂಬ ದರವನ್ನೇ ಎಲ್ಲರೂ ನಂಬುವುದು, ಅದು ನ್ಯಾಯವಾಗಿ ಕಾಣುವುದರಿಂದ. ರಾಜ್ಯಗಳ ದರಕ್ಕೆ ವರದಿ ಆಯಾ ವರ್ಷದ ಅಂದಾಜು ಜನಸಂಖ್ಯೆ ಬಳಸುತ್ತದೆ. ಮಹಾನಗರಗಳ ಕೋಷ್ಟಕದಲ್ಲಿ ಮಾತ್ರ 2022ರ ಅಪರಾಧವನ್ನೂ 2011ರ ಜನಸಂಖ್ಯೆಯಿಂದಲೇ ಭಾಗಿಸುತ್ತದೆ. ಅದರ ಪ್ರಕಾರ ಬೆಂಗಳೂರಿನಲ್ಲಿ 85 ಲಕ್ಷ ಜನ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತು ಯಾರಿಗಾದರೂ ಇದನ್ನು ಹೇಳಿ ನೋಡಿ. ನಾಸಿಕ್ ಪಾಲಿಕೆ 2001ರಿಂದ 2011ರ ನಡುವೆ 10.77 ಲಕ್ಷದಿಂದ 14.86 ಲಕ್ಷಕ್ಕೆ, ಅಂದರೆ ಶೇ 38ರಷ್ಟು ಬೆಳೆಯಿತು. ಹಾಗೆ ಬೆಳೆಯುವ ಊರನ್ನು ಹಳೆಯ ತಲೆಯೆಣಿಕೆಯಿಂದ ಭಾಗಿಸುತ್ತಾ ಹೋದರೆ, ಒಬ್ಬನೇ ಒಬ್ಬ ಮೊದಲಿಗಿಂತ ಕೆಟ್ಟವನಾಗದಿದ್ದರೂ ಹತ್ತು ವರ್ಷದಲ್ಲಿ ದರ ಶೇ 38 ಏರಿರುತ್ತದೆ. 2021ರಲ್ಲಿ ಆಗಬೇಕಿದ್ದ ಜನಗಣತಿ ಮುಂದೆ ಹೋಗಿ ಈಗ 2027ಕ್ಕೆ ನಿಂತಿದೆ.

ಸಂಭಾಜಿನಗರದ ತೊಡಕು ಇನ್ನೂ ಒಂದು ಸುತ್ತು ಹೆಚ್ಚು. ನಾನು ಕೆಲಸಕ್ಕೆ ಹೋಗಬೇಕಿದ್ದ ವಾಳೂಜ್ ಎಂಐಡಿಸಿ ಪಾಲಿಕೆಯ ಗಡಿಯ ಆಚೆ, ಸುತ್ತ ಗ್ರಾಮ ಪಂಚಾಯ್ತಿಗಳು. ಆದರೆ ಅಲ್ಲಿನ ಠಾಣೆ ನಗರ ಕಮಿಷನರೇಟಿನದು. ಪಾಳಿ ಮುಗಿಸಿ ಹೋಗುವ ಕಾರ್ಮಿಕನ ಬೈಕು ಅಲ್ಲಿ ಕಳುವಾದರೆ ಕೇಸು ನಗರದ ಲೆಕ್ಕಕ್ಕೆ. ಆ ಕಾರ್ಮಿಕ ಮಾತ್ರ 11.75 ಲಕ್ಷದ ನಗರ ಜನಸಂಖ್ಯೆಯಲ್ಲಿ ಇಲ್ಲ. ನಾಸಿಕ್‌ನಲ್ಲಿ ಸಾತಪೂರ, ಅಂಬಡ್ ಎಂಐಡಿಸಿಗಳು ಪಾಲಿಕೆಯೊಳಗೇ ಇವೆ, ಸಿನ್ನರ್ ಗ್ರಾಮೀಣ ಪೊಲೀಸರ ಪಾಲು. ಇವೆರಡರ ದರಗಳನ್ನು ಪಕ್ಕಪಕ್ಕ ಇಟ್ಟು ಇದು ಹೆಚ್ಚು, ಅದು ಕಡಿಮೆ ಅನ್ನುವುದಕ್ಕೆ ನನ್ನ ಕೈ ಬರಲಿಲ್ಲ. ನಾಸಿಕ್‌ಗೆ ಇನ್ನೊಂದು ಕಾಟ, ಸಿಂಹಸ್ಥ ಕುಂಭಮೇಳ. 2003, 2015ರಂಥ ವರ್ಷಗಳಲ್ಲಿ ಗೋದಾವರಿ ಘಾಟಿಗೆ ಬರುವ ಜನಸಾಗರ ಯಾವ ಭಾಜಕದಲ್ಲೂ ಇರುವುದಿಲ್ಲ, ಅವರ ಕಳೆದ ಪರ್ಸುಗಳು ಭಾಜ್ಯಕ್ಕೆ ಬರುತ್ತವೆ.

ಕಾನೂನೂ ಸುಮ್ಮನೆ ಕೂತಿರುವುದಿಲ್ಲ. 2012ರ ಕೊನೆಗೆ ಪೋಕ್ಸೊ ಜಾರಿಗೆ ಬಂತು. 2013ರಲ್ಲಿ ಅತ್ಯಾಚಾರದ ವ್ಯಾಖ್ಯೆ ವಿಸ್ತಾರವಾಯಿತು, ಹಿಂಬಾಲಿಸುವುದು, ಕದ್ದು ನೋಡುವುದು ಪ್ರತ್ಯೇಕ ಅಪರಾಧಗಳಾದವು. ಅದೇ ನವೆಂಬರಿನಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸಂಜ್ಞೇಯ ಅಪರಾಧದ ದೂರು ಬಂದರೆ ಎಫ್‌ಐಆರ್ ಹಾಕಲೇಬೇಕು ಎಂದಿತು. ಆ ನಂತರದ ವರ್ಷಗಳ ಏರಿಕೆಯಲ್ಲಿ ಎಷ್ಟು ಪಾಲು ಕೃತ್ಯದ್ದು, ಎಷ್ಟು ಪಾಲು ಬರೆದುಕೊಂಡಿದ್ದರದ್ದು ಎಂದು ಕೋಷ್ಟಕ ಹೇಳಲಾರದು. 2020ರದು ಎಲ್ಲಕ್ಕಿಂತ ವಿಚಿತ್ರ. ಊರೆಲ್ಲ ಬಾಗಿಲು ಹಾಕಿ ಕೂತ ಆ ವರ್ಷ ದೇಶದ ಒಟ್ಟು ಅಪರಾಧ 51.5 ಲಕ್ಷದಿಂದ 66 ಲಕ್ಷಕ್ಕೆ ಹೋಯಿತು. ಸರ್ಕಾರಿ ಆದೇಶ ಮೀರಿದ 188ನೇ ಕಲಮಿನ ಕೇಸುಗಳೇ ಸುಮಾರು 29 ಸಾವಿರದಿಂದ 6 ಲಕ್ಷಕ್ಕೆ ಜಿಗಿದಿದ್ದವು. ಮಾಸ್ಕಿಲ್ಲದೆ ಹಾಲು ತರಲು ಹೋದವನೂ ಆ ಗೆರೆಯೊಳಗೆ ಸೇರಿರಬಹುದು. ಇನ್ನು ಮುಂದೆ ನೋಡಬೇಕಾದ್ದು 2024. ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಮೂಲ ಐಪಿಸಿಯಲ್ಲಿ ಸರಗಳ್ಳತನಕ್ಕೆ ಸ್ವಂತ ಕಲಮು ಇರಲಿಲ್ಲ, 379ರ ಕಳವೋ 392ರ ಸುಲಿಗೆಯೋ ಆಗುತ್ತಿತ್ತು. ಈಗ ಕಸಿದು ಓಡುವುದಕ್ಕೆ 304 ಎಂಬ ಹೊಸ ಕಲಮು. ಮುಂದೆ ಯಾರಾದರೂ ಸುಲಿಗೆ ತಗ್ಗಿದೆ ಎಂದು ಚಪ್ಪಾಳೆ ತಟ್ಟಿದರೆ, ಸ್ವಲ್ಪ ತಡೆಯಿರಿ.

ಒಂದು ಎಫ್‌ಐಆರ್‌ನಲ್ಲಿ ಹಲವು ಕಲಮುಗಳಿದ್ದರೆ ಅತಿ ಘೋರವಾದ ಒಂದನ್ನೇ ಎಣಿಸುತ್ತಾರೆ ಎಂಬ ನಿಯಮವನ್ನೂ ಇಲ್ಲೇ ಹೇಳಬೇಕು. ಅತ್ಯಾಚಾರ ಮಾಡಿ ಕೊಂದರೆ ಅದು ಕೊಲೆಯ ಸಾಲಿಗೆ.

ಇಷ್ಟೆಲ್ಲ ಟಿಪ್ಪಣಿ ಬರೆಯುತ್ತಿದ್ದಾಗ ನನ್ನದೇ ಒಂದು ಹಳೆಯ ಚೀಟಿ ನೆನಪಾಯಿತು. ಈ ಎರಡರಲ್ಲಿ ಯಾವ ಊರು ಎಂದು ಹೇಳುವುದಿಲ್ಲ. ವಾರದ ಬಾಜಾರಿನಲ್ಲಿ ಮೇಥಿ ಸೊಪ್ಪು ಆರಿಸುತ್ತಿದ್ದಾಗ ಶರ್ಟಿನ ಜೇಬಿನಿಂದ ಫೋನು ಎತ್ತಿದರು. ಠಾಣೆಯಲ್ಲಿ ಹವಾಲ್ದಾರರು ಚಹಾ ತರಿಸಿ ಪ್ರೀತಿಯಿಂದಲೇ ಮಾತಾಡಿದರು. ಚೋರಿ ಎಂದು ಬರೆದರೆ ನೀವೇ ಓಡಾಡಬೇಕು ಸಾಹೇಬ್, ‘ಗಹಾಳ್’ ಎಂದು ಬರೆಯೋಣ, ಸಿಮ್ ಕಾರ್ಡಿಗೆ ಅಷ್ಟು ಸಾಕು ಎಂದರು. ಗಹಾಳ್ ಅಂದರೆ ಮರಾಠಿಯಲ್ಲಿ ಕಳೆದುಹೋದದ್ದು. ಸಂಜೆ ನನಗೆ ಕ್ಲೈಂಟ್ ಕಾಲ್ ಇತ್ತು. ಸರಿ ಎಂದು ಸಹಿ ಹಾಕಿದೆ. ಆ ವರ್ಷದ ಕಳವಿನ ಎಣಿಕೆಯಲ್ಲಿ ಒಂದು ಕಡಿಮೆಯಾಯಿತು, ಕಡಿಮೆ ಮಾಡಿದವರಲ್ಲಿ ನಾನೂ ಒಬ್ಬ. ಅವರನ್ನು ಬಯ್ಯುವ ಯೋಗ್ಯತೆಯೂ ನನಗಿಲ್ಲ. ತೆರೆದ ಟಿಕೆಟ್‌ಗಳ ಸಂಖ್ಯೆ ನೋಡಿ ತಂಡವನ್ನು ಅಳೆಯಲು ಹೋದ ವರ್ಷ ನನ್ನ ಹುಡುಗರು ಬಗ್‌ಗಳನ್ನೆಲ್ಲ ‘ಬಳಕೆದಾರರ ತಪ್ಪು’ ಎಂದು ಮುಚ್ಚಿದ್ದರು. ವರದಿಯಲ್ಲಿ ನಮ್ಮ ಪ್ರಾಜೆಕ್ಟು ಬಹಳ ಆರೋಗ್ಯವಾಗಿತ್ತು.

ಹಾಗಾದರೆ ಓದುವುದೇ ಬೇಡವೇ? ಬೇಕು. ಒಟ್ಟು ಮೊತ್ತ ಬಿಟ್ಟು ಒಂದೊಂದೇ ಅಪರಾಧವನ್ನು ಓದಬೇಕು. ಕೊಲೆಯನ್ನು ಮುಚ್ಚಿಡುವುದು ಕಷ್ಟ, ಹೆಣ ಇರುತ್ತದೆ. ವಾಹನ ಕಳವೂ ಬಹುಮಟ್ಟಿಗೆ ದಾಖಲಾಗುತ್ತದೆ, ಎಫ್‌ಐಆರ್ ಇಲ್ಲದೆ ವಿಮೆ ಕಂಪನಿ ಹಣ ಕೊಡುವುದಿಲ್ಲ. ಇವೆರಡು ಸಾಲು ನನಗೆ ಉಳಿದವುಗಳಿಗಿಂತ ಗಟ್ಟಿ ಅನಿಸಿದವು. ದೇಶದ ಮಟ್ಟದಲ್ಲಿ ಕೊಲೆಯ ದರ 1990ರ ದಶಕದ ಆರಂಭದಲ್ಲಿ ಲಕ್ಷಕ್ಕೆ ನಾಲ್ಕನ್ನು ಮೀರಿತ್ತು. 2022ರಲ್ಲಿ 28,522 ಪ್ರಕರಣ, ದರ 2.1. ಅಪರಾಧ ಮಿತಿಮೀರಿದೆ ಎಂದು ಮೂವತ್ತು ವರ್ಷ ದಿನವೂ ಓದಿದ ನಮಗೆ ಇದು ನಂಬಲು ಕಷ್ಟ. ನನಗೂ ಆಯಿತು.

ಒಂದೇ ಊರಿನ ಕೊಲೆಗಳನ್ನು ವರ್ಷದಿಂದ ವರ್ಷಕ್ಕೆ ಹೋಲಿಸುವಾಗ ಮಾತ್ರ ಹುಷಾರು. ಸರಾಸರಿ 36 ಎಂದು ಹಿಡಿಯಿರಿ, ಇದು ಲೆಕ್ಕಕ್ಕೆ ಹಿಡಿದ ಸಂಖ್ಯೆ, ಯಾವ ಊರಿನದೂ ಅಲ್ಲ. ಊರಿನಲ್ಲಿ ಏನೂ ಬದಲಾಗದಿದ್ದರೂ ಅದರ ವರ್ಗಮೂಲದಷ್ಟು, ಅಂದರೆ ಆರರಷ್ಟು, ಆಚೀಚೆ ಆಗುವುದು ಸಹಜ. ಒಂದು ವರ್ಷ 30, ಮರುವರ್ಷ 42. ಪತ್ರಿಕೆಗೆ ಅದು ಶೇ 40ರ ಏರಿಕೆ. ಅದರ ಮುಂದಿನ ವರ್ಷ ಮತ್ತೆ 34ಕ್ಕೆ ಬಂದರೆ ಹೊಸ ಕಮಿಷನರ್ ಸಾಹೇಬರ ಕಟ್ಟುನಿಟ್ಟಿನ ಫಲ. ಐದು ವರ್ಷದ ಸರಾಸರಿ ತೆಗೆದು ನೋಡಿದಾಗ ಮಾತ್ರ ನನ್ನ ಶೀಟಿನ ಗೆರೆಗಳು ನಡುಗುವುದನ್ನು ನಿಲ್ಲಿಸಿದವು.

ಪುಸ್ತಕದ ಬಗ್ಗೆ ನ್ಯಾಯವಾಗಿ ಹೇಳಬೇಕಾದ್ದೂ ಇದೆ. ಅಪರಾಧ ಹೆಚ್ಚುವುದು ಬೇರೆ, ದಾಖಲಾತಿ ಹೆಚ್ಚುವುದು ಬೇರೆ ಎಂದು ಎನ್‌ಸಿಆರ್‌ಬಿಯೇ ತನ್ನ ಓದುಗರಿಗೆ ಎಚ್ಚರಿಸುತ್ತದೆ. ಅಡಿಟಿಪ್ಪಣಿಗಳು ಪ್ರಾಮಾಣಿಕ. ನನ್ನ ತಕರಾರು ಬೇರೆ. ಎಚ್ಚರಿಕೆಯನ್ನು ಮೂಲೆಯಲ್ಲಿಟ್ಟು, ಹನ್ನೊಂದು ವರ್ಷ ಹಳೆಯ ಭಾಜಕದ ದರವನ್ನು ದಪ್ಪ ಕಾಲಮಿನಲ್ಲಿ ಕೊಟ್ಟರೆ ಜನ ಓದುವುದು ಕಾಲಮನ್ನೇ. ಠಾಣೆಯ ಪುಸ್ತಕಕ್ಕೆ ಸಾಕ್ಷಿಯಾಗಿ ಇನ್ನೊಂದು ಪುಸ್ತಕವೂ ನಮ್ಮಲ್ಲಿಲ್ಲ. ಅಮೆರಿಕದಲ್ಲಿ 1973ರಿಂದ, ಇಂಗ್ಲೆಂಡಿನಲ್ಲಿ 1982ರಿಂದ ಮನೆಮನೆಗೆ ಹೋಗಿ ನಿಮಗೇನಾಯಿತು, ದೂರು ಕೊಟ್ಟಿರಾ ಎಂದು ಕೇಳುವ ಸಮೀಕ್ಷೆ ನಡೆಯುತ್ತಿದೆ. 2014ರಲ್ಲಿ ಅಲ್ಲಿನ ಅಂಕಿಅಂಶ ಪ್ರಾಧಿಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನ ಪೊಲೀಸ್ ದಾಖಲೆಗಳಿಗಿದ್ದ ‘ರಾಷ್ಟ್ರೀಯ ಅಂಕಿಅಂಶ’ ಎಂಬ ಮುದ್ರೆಯನ್ನೇ ತೆಗೆದುಹಾಕಿತು, ಸಮೀಕ್ಷೆಯದನ್ನು ಉಳಿಸಿತು. ನಮ್ಮಲ್ಲಿ 2017ರಲ್ಲಿ ಐಡಿಎಫ್‌ಸಿ ಇನ್‌ಸ್ಟಿಟ್ಯೂಟ್ ಬೆಂಗಳೂರು, ದೆಹಲಿ, ಮುಂಬೈ, ಚೆನ್ನೈಗಳಲ್ಲಿ ಇಂಥದೊಂದನ್ನು ಮಾಡಿತು. ಒಂದು ಸಲದ ಫೋಟೋ ಅದು, ಅದರಿಂದ ಗೆರೆ ಎಳೆಯಲಾಗದು. ನನ್ನ ಗಹಾಳ್ ಫೋನು ಕಳವಾಗಿ ಎಣಿಕೆಗೆ ಸಿಗಬೇಕಾದರೆ ಯಾರಾದರೂ ಬಂದು ಬಾಗಿಲು ತಟ್ಟಬೇಕು.

ಆರು ವಾರದ ನಂತರ ಶೀಟನ್ನು ಹೆಂಡತಿಗೆ ತೋರಿಸಿದೆ. ಎರಡು ಊರುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಈ ಅಂಕಿಗಳಲ್ಲಿ ಸಿಗುವುದಿಲ್ಲ ಎಂದೆ. ಅವಳು ಟಿಪ್ಪಣಿಗಳ ಕಾಲಂ ಪೂರ್ತಿ ಓದಿದಳು. “ಇದರಾಗ ಬಸ್ ಸ್ಟಾಪಿಂದ ಮನೀತನಕ ಲೈಟ್ ಅದಾವೋ ಇಲ್ಲೋ ಬರದಿಲ್ಲಲ್ರೀ” ಅಂದಳು.

ಮುಂದಿನ ಶನಿವಾರ ಬಸ್ಸು ಹಿಡಿದು ಮೂವರೂ ಹೋದೆವು. ಸಿಡ್ಕೊದಲ್ಲಿ ಬ್ರೋಕರ್ ತೋರಿಸಿದ ಮನೆಯ ರಸ್ತೆಯಲ್ಲಿ ರಾತ್ರಿ ಎಂಟೂವರೆಗೆ ಎರಡು ಸಲ ನಡೆದೆವು. ಮೂಲೆಯಲ್ಲಿ ಇಸ್ತ್ರಿ ಅಂಗಡಿ ಒಂಬತ್ತೂವರೆ ತನಕ ತೆರೆದಿರುತ್ತದೆ ಎಂದು ಮಗಳೇ ಕೇಳಿಕೊಂಡು ಬಂದಳು. ಮನೆ ಅಲ್ಲೇ ಹಿಡಿದೆವು. 2023ರ ವರದಿ 2025ರ ಸೆಪ್ಟೆಂಬರ್ ಕೊನೆಗೆ ಬಂತು. ಶೀಟಿಗೆ ಇನ್ನೊಂದು ಸಾಲು ಸೇರಿಸಿದ್ದೇನೆ, ಮೊದಲು ಟಿಪ್ಪಣಿ, ಆಮೇಲೆ ಅಂಕಿ.