ಖಾಲಿ ಜಾಗಕ್ಕೂ ಅರ್ಥವಿದೆ

ಹುಡಗಿ, ಹುಮನಾಬಾದ್, ಬಸವಕಲ್ಯಾಣದ ಕಡೆಯಿಂದ ಇಂಜಿನಿಯರಿಂಗ್ ಓದಲು ಹೋದ ಮಕ್ಕಳು ಸಿ, ಜಾವಾ, ಪೈಥಾನ್ ಕಲಿತು ಬರುತ್ತಾರೆ. ಹ್ಯಾಸ್ಕೆಲ್ ಎಂಬ ಭಾಷೆ ಮುಟ್ಟಿದವರು ಕಡಿಮೆ. ಆದರೆ ಬೆಂಗಳೂರಿನಲ್ಲಿ ಆಟೊ ಕರೆಯುವ ‘ನಮ್ಮ ಯಾತ್ರಿ’ ಆ್ಯಪ್‌ನ ಸರ್ವರ್ ಕಡೆಯ ಕೋಡ್ ಇರುವುದು ಈ ಹ್ಯಾಸ್ಕೆಲ್‌ನಲ್ಲೇ. ಜಸ್‌ಪೇ ಕಂಪನಿಯಲ್ಲಿ ಹುಟ್ಟಿದ ಆ ಕೋಡನ್ನು ಯಾರು ಬೇಕಾದರೂ ತೆರೆದು ಓದಬಹುದು. ಹಾಗೆ ಓದುವ ಆಸೆಯಿಂದ ಈ ಭಾಷೆ ಕಲಿಯಲು ಕೂತವರು ಮೊದಲ ವಾರದ ಎರರ್‌ಗಳಿಗೇ ಸೋತು ಕೈಬಿಡುವುದು ನನಗೆ ಬೇಸರದ ಸಂಗತಿ. ಅವು ದಡ್ಡತನದ ತಪ್ಪುಗಳಲ್ಲ. ಹಳೆಯ ಭಾಷೆಯಲ್ಲಿ ಪಳಗಿದ ಕೈ ಮಾಡಿಸುವ ತಪ್ಪುಗಳು.

ಮುಖ್ಯವಾದದ್ದು ಆವರಣ ಚಿಹ್ನೆ. ಸಿ ಕಲಿತವರು ‘ಆ್ಯಡ್(2, 3)’ ಎಂದು ಬರೆಯುತ್ತಾರೆ. ಹ್ಯಾಸ್ಕೆಲ್‌ನಲ್ಲಿ ಬೇಕಾದದ್ದು ‘ಆ್ಯಡ್ 2 3’. ಇಲ್ಲಿ ಫಂಕ್ಷನ್ನನ್ನು ಕರೆಯುವುದು ಆವರಣವಲ್ಲ, ನಡುವಿನ ಖಾಲಿ ಜಾಗ. ಆವರಣದೊಳಗೆ ಅಲ್ಪವಿರಾಮ ಹಾಕಿದರೆ 2 ಮತ್ತು 3 ಸೇರಿ ಒಂದೇ ಜೋಡಿಯಾಗುತ್ತವೆ. ಎರಡು ಸಂಖ್ಯೆ ಕೇಳಿದ ಫಂಕ್ಷನ್ನಿಗೆ ಒಂದು ಜೋಡಿ ಕೊಟ್ಟಂತಾಗುತ್ತದೆ. ಕಂಪೈಲರ್ ಆಗ ದೂರುವುದು ಟೈಪ್ ಹೊಂದುತ್ತಿಲ್ಲ ಎಂದು, ಆವರಣ ತಪ್ಪಿದೆ ಎಂದಲ್ಲ. ಕಲಿಯುವವರು ದಾರಿ ತಪ್ಪುವುದು ಇಲ್ಲೇ.

ಇದೇ ನಿಯಮದ ಇನ್ನೊಂದು ಮುಖ ‘ಪ್ರಿಂಟ್ ಸ್ಕ್ವೇರ್ 3’. ಓದುವ ನಮಗೆ ಸರಿ ಎನಿಸಿದರೂ, ಹ್ಯಾಸ್ಕೆಲ್‌ಗೆ ಪ್ರಿಂಟ್‌ಗೆ ಎರಡು ವಸ್ತು ಕೊಟ್ಟಂತೆ ಕಾಣುತ್ತದೆ: ಒಂದು ಸ್ಕ್ವೇರ್, ಇನ್ನೊಂದು 3. ‘ಪ್ರಿಂಟ್ (ಸ್ಕ್ವೇರ್ 3)’ ಎಂದು ಬರೆಯಬೇಕು. ಫಂಕ್ಷನ್ ಕರೆ ಕೂಡುವ, ಕಳೆಯುವ ಚಿಹ್ನೆಗಳಿಗಿಂತ ಬಿಗಿಯಾಗಿ ಅಂಟುತ್ತದೆ. ಹಾಗಾಗಿ ‘ಸ್ಕ್ವೇರ್ 3 + 1’ ಅಂದರೆ 10, 16 ಅಲ್ಲ.

ಮೈನಸ್ ವಿಷಯದಲ್ಲಿ ಮಾತ್ರ ನಾನು ಕಲಿಯುವವರ ಪರ. ‘ಸ್ಕ್ವೇರ್ -3’ ಎಂದರೆ ಸ್ಕ್ವೇರ್ ಎಂಬ ಫಂಕ್ಷನ್ನಿಂದಲೇ 3 ಕಳೆಯಲು ಹೊರಡುವ ಈ ಭಾಷೆಯ ನಡೆ ಕೊಂಕು. ‘ಸ್ಕ್ವೇರ್ (-3)’ ಎಂದೇ ಬರೆಯಬೇಕು. ಈ ತೊಂದರೆ ತಪ್ಪಿಸಲು ಹ್ಯಾಸ್ಕೆಲ್‌ನ ಜಿಎಚ್‌ಸಿ ಕಂಪೈಲರ್‌ಗೆ ಆಮೇಲೆ ಬೇರೆ ಎಕ್ಸ್‌ಟೆನ್ಶನ್‌ಗಳನ್ನೇ ಸೇರಿಸಬೇಕಾಯಿತು.

ಇಫ್ ಬರೆದವರು ಎಲ್ಸ್ ಬಿಡುವುದೂ ಸಾಮಾನ್ಯ. ಇಲ್ಲಿ ಇಫ್ ಆಜ್ಞೆಯಲ್ಲ, ಬೆಲೆ ಕೊಡುವ ಅಭಿವ್ಯಕ್ತಿ. ಷರತ್ತು ಸುಳ್ಳಾದಾಗಲೂ ಒಂದು ಬೆಲೆ ಬೇಕು.

ಸಾಲಿನ ಮುಂದೆ ಬಿಡುವ ಜಾಗಕ್ಕೂ ಅರ್ಥವಿದೆ. ಕಂಪ್ಯೂಟರ್ ವಿಜ್ಞಾನಿ ಪೀಟರ್ ಲ್ಯಾಂಡಿನ್ 1966ರಲ್ಲಿ ಮುಂದಿಟ್ಟ ಈ ಪದ್ಧತಿ 1990ರಲ್ಲಿ ಬಂದ ಹ್ಯಾಸ್ಕೆಲ್‌ಗೂ ಇಳಿಯಿತು. ಟ್ಯಾಬ್ ಒತ್ತಿದರೆ ಎಡಿಟರ್‌ನಲ್ಲಿ 4 ಜಾಗ ಕಾಣಬಹುದು; ಹ್ಯಾಸ್ಕೆಲ್ ಲೆಕ್ಕದಲ್ಲಿ ಟ್ಯಾಬ್ ನಿಲುಗಡೆಗಳ ಅಂತರ 8. ಕಣ್ಣಿಗೆ ನೇರವಾಗಿ ನಿಂತ ಸಾಲುಗಳು ಕಂಪೈಲರ್‌ಗೆ ಸೊಟ್ಟಗೆ ಕಾಣುವುದು ಅದಕ್ಕೇ. ಎಡಿಟರ್ ಸೆಟ್ಟಿಂಗ್‌ನಲ್ಲಿ ಟ್ಯಾಬ್ ಬದಲು ಸ್ಪೇಸ್ ಬರುವಂತೆ ಮೊದಲ ದಿನವೇ ಮಾಡಿಕೊಳ್ಳಿ.

ಎರರ್ ಹತ್ತು ಬಂದರೂ ಮೊದಲನೆಯದನ್ನಷ್ಟೇ ಓದಿ, ಸರಿಪಡಿಸಿ, ಮತ್ತೆ ಕಂಪೈಲ್ ಮಾಡಿ. ಉಳಿದವು ಎಷ್ಟೋ ಸಲ ಅದರ ಜೊತೆಗೇ ಹೋಗುತ್ತವೆ. ಗುರುಗಳು ಬೇಕೆನ್ನುವವರಿಗೆ ಚೆನ್ನೈ ಗಣಿತ ಸಂಸ್ಥೆಯ ಮಾಧವನ್ ಮುಕುಂದ್ ಮತ್ತು ಎಸ್. ಪಿ. ಸುರೇಶ್ ಅವರ ಹ್ಯಾಸ್ಕೆಲ್ ಪಾಠಗಳು ಎನ್‌ಪಿಟಿಇಎಲ್ ಜಾಲತಾಣದಲ್ಲಿವೆ. ನೋಡಲು ದುಡ್ಡು ಕೊಡಬೇಕಾಗಿಲ್ಲ.