ಪ್ರಬಂಧದಲ್ಲಿ ವಾಕ್ಯವೃಂದದ ವಿಚಾರ

ಪ್ರೌಢಶಾಲೆಗಳಲ್ಲಿ ಪ್ರಬಂಧರಚನೆಯನ್ನು ಬೋಧಿಸುವಾಗ ಪೀಠಿಕೆ, ವಿಷಯನಿರೂಪಣೆ, ಉಪಸಂಹಾರ ಎಂಬ ಮೂರು ಅಂಗಗಳನ್ನು ಹೇಳಿಕೊಡುವುದು ರೂಢಿಯಾಗಿದೆ. ಈ ವಿಭಾಗವು ತಪ್ಪೆಂದು ಯಾರೂ ಹೇಳಲಾರರು. ಆದರೆ ಇದು ಮನೆಗೆ ತಲೆಬಾಗಿಲು, ನಡುಮನೆ, ಹಿತ್ತಿಲು ಇರಬೇಕೆಂದು ಹೇಳಿದಂತಾಯಿತೇ ಹೊರತು ಗೋಡೆಯನ್ನು ಕಟ್ಟುವ ಕ್ರಮವನ್ನು ತಿಳಿಸಿದಂತಾಗಲಿಲ್ಲ. ಪ್ರಬಂಧದ ಗೋಡೆಯೆಂದರೆ ವಾಕ್ಯವೃಂದ. ವ್ಯವಹಾರದಲ್ಲಿ ಇದನ್ನೇ ಪ್ಯಾರಾ ಎನ್ನುವರು. ಸಾಲಿನ ಮೊದಲಲ್ಲಿ ಒಂದಂಗುಲ ಸ್ಥಳವನ್ನು ಬಿಟ್ಟು ಬರೆದ ಮಾತ್ರಕ್ಕೆ ಅದು ಸಿದ್ಧಿಸುವುದಿಲ್ಲ.

ಬೆಂಗಳೂರಿನ ದಕ್ಷಿಣಭಾಗದ ಬಾಲಕನೊಬ್ಬನು ‘ನಮ್ಮ ಬಡಾವಣೆ’ ಎಂಬ ವಿಷಯವನ್ನು ಕುರಿತು ಬರೆಯತೊಡಗಿದನೆಂದು ಇಟ್ಟುಕೊಳ್ಳಬಹುದು. ಜಯನಗರಕ್ಕೆ 1948ರಲ್ಲಿ ಅಸ್ತಿಭಾರ ಹಾಕಲಾಯಿತು. ಲಾಲ್‌ಬಾಗ್ ಹೈದರಾಲಿಯ ಕಾಲದ್ದು. ಬನಶಂಕರಿಯಲ್ಲಿ ದೇವಿಯ ಆಲಯವಿದೆ. ನಾಲ್ಕನೆಯ ಬ್ಲಾಕಿನಲ್ಲಿ ಬಹಳ ಅಂಗಡಿಗಳಿವೆ. ನಾಲ್ಕು ವಾಕ್ಯಗಳೂ ಸತ್ಯ, ಒಂದರಲ್ಲಿಯೂ ವ್ಯಾಕರಣದೋಷವಿಲ್ಲ. ಆದರೂ ಕಡೆಯದನ್ನು ಮೊದಲಿಗೆ ತಂದರೆ ಏನೂ ಕೆಡುವುದಿಲ್ಲ. ಎರಡನೆಯದನ್ನು ತೆಗೆದುಹಾಕಿದರೆ ಏನೂ ಕಡಮೆಯಾಗುವುದಿಲ್ಲ. ಹೀಗೆ ಬಂದವರು ಬಂದಲ್ಲಿ ನಿಂತ ಗುಂಪಿಗೆ ಸಂತೆಯೆಂದು ಹೆಸರು.

ಇದಕ್ಕೆ ಮದ್ದು ಹೊರಗಿನಿಂದ ಬರಬೇಕಾಗಿಲ್ಲ. ಪೂರ್ವಮೀಮಾಂಸೆಯ ಸೂತ್ರಕಾರನಾದ ಜೈಮಿನಿಯು ವಾಕ್ಯಲಕ್ಷಣವನ್ನು ಹೇಳುವಲ್ಲಿ ಎರಡು ನಿಬಂಧನೆಗಳನ್ನು ಇಟ್ಟಿದ್ದಾನೆ: ಪ್ರಯೋಜನವು ಒಂದಾಗಿರಬೇಕು, ವಿಭಾಗಿಸಿದರೆ ಭಾಗಗಳು ಒಂದನ್ನೊಂದು ಅಪೇಕ್ಷಿಸುವಂತಿರಬೇಕು. ಯಜುರ್ಮಂತ್ರವು ಎಲ್ಲಿಗೆ ಮುಗಿಯುವುದೆಂಬ ಮೇರೆಯನ್ನು ಗೊತ್ತುಮಾಡಲು ಹುಟ್ಟಿದ ಮಾತಿದು. ಹದಿನಾಲ್ಕನೆಯ ಶತಮಾನದ ವಿಶ್ವನಾಥನು ‘ಸಾಹಿತ್ಯದರ್ಪಣ’ದಲ್ಲಿ ಯೋಗ್ಯತೆ, ಆಕಾಂಕ್ಷೆ, ಆಸತ್ತಿ ಎಂಬ ಮೂರನ್ನು ವಾಕ್ಯದ ಪದಗಳಿಗೆ ವಿಧಿಸಿ, ಇವೇ ಗುಣಗಳುಳ್ಳ ವಾಕ್ಯಸಮೂಹವನ್ನು ಮಹಾವಾಕ್ಯವೆಂದು ಕರೆದನು. ರಾಮಾಯಣಾದಿಗಳೇ ಅವನು ಕೊಟ್ಟ ಉದಾಹರಣೆ. ಅಷ್ಟು ದೊಡ್ಡದಕ್ಕೆ ಒಪ್ಪುವ ಲಕ್ಷಣವು ಎಂಟು ಸಾಲಿನ ಪ್ಯಾರಾಕ್ಕೆ ಒಪ್ಪದೆ ಹೋಗಲಾರದು. ಪ್ಯಾರಾ ಎಂಬುದು ಪಾಶ್ಚಾತ್ಯರ ವೇಷವೆಂದು ಮೂಗು ಮುರಿಯುವ ಪಂಡಿತರೂ, ಗದ್ಯರಚನೆಗೆ ಸಂಸ್ಕೃತದಲ್ಲಿ ಏನಿದೆಯೆಂದು ಕೇಳುವ ನವೀನರೂ ಆ ಒಂದು ಪುಟವನ್ನು ತಿರುವಿ ನೋಡಿದರೆ ನಷ್ಟವಿಲ್ಲ.

ಈ ಮೂರರಲ್ಲಿ ಪ್ರಬಂಧಕಾರನಿಗೆ ಮುಖ್ಯವಾದುದು ಆಕಾಂಕ್ಷೆ. ಅದೇ ಬಾಲಕನು, ಜಯನಗರದ ಜನರು ಬೀದಿಯನ್ನು ಹೇಳುವಾಗ ಮೂರನೆಯ ಬ್ಲಾಕು, ನಾಲ್ಕನೆಯ ಬ್ಲಾಕು ಎಂದು ಎಣಿಸುವುದೇಕೆಂಬ ಒಂದೇ ಪ್ರಶ್ನೆಯನ್ನು ಹಿಡಿದಿದ್ದರೆ ಬೇರೆಯಾಗುತ್ತಿತ್ತು. ಇದು ಮೊದಲೇ ನಕ್ಷೆ ಬರೆದು ಹಂಚಿದ ಬಡಾವಣೆ. ಆದುದರಿಂದ ಅಂಕಿಯೇ ಹೆಸರಾಯಿತು. ಹಾಗಾದರೆ ಮೊದಲು ಅಲ್ಲಿ ಊರುಗಳಿರಲಿಲ್ಲವೇ ಎಂದು ಓದುವವನು ಕೇಳುತ್ತಾನೆ. ಇದ್ದುವು, ಯಡಿಯೂರು, ಭೈರಸಂದ್ರ ಎಂಬ ಹೆಸರುಗಳು ಅಂಕಿಗಳ ನಡುವೆ ಇಂದಿಗೂ ಉಳಿದಿವೆ. ಹೇಗೆ ಉಳಿದುವು? ಕೆರೆಗಳು ಉಳಿದುದರಿಂದ ಅವುಗಳ ಹೆಸರೂ ಉಳಿಯಿತೆಂದು ಅವನು ಊಹಿಸಿ ಬರೆಯಬಹುದು. ಊಹೆ ತಪ್ಪಾದರೂ ಪ್ಯಾರಾ ಕೆಡದು. ಇಲ್ಲಿ ಲಾಲ್‌ಬಾಗನ್ನು ಯಾರೂ ಹೊರಗೆ ಹಾಕಬೇಕಾಗಿಲ್ಲ. ಕೂರಲು ಸ್ಥಳವಿಲ್ಲದೆ ಅದು ತಾನೇ ಎದ್ದುಹೋಗುತ್ತದೆ.

ಇಂಥ ಕಟ್ಟಡಕ್ಕೆ ಮಾದರಿ ಬೇಕಾದರೆ ಅದೇ ಜಯನಗರದಲ್ಲಿ ವಾಸವಾಗಿದ್ದು 2021ರಲ್ಲಿ ದಿವಂಗತರಾದ ಶ್ರೀ ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’ವಿದೆ. 1991ರಲ್ಲಿ ‘ಪ್ರಜಾವಾಣಿ’ಯಲ್ಲಿ ಆರಂಭವಾದ ಈ ಅಂಕಣವನ್ನು ಶಬ್ದಾರ್ಥಕ್ಕಾಗಿ ಓದಿದವರೇ ಹೆಚ್ಚು. ರಚನೆಗಾಗಿಯೂ ಓದಬೇಕು. ಮೀಮಾಂಸಕರ ಅಧಿಕರಣಕ್ಕೆ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂದು ಐದು ಅಂಗಗಳು. ಅಂಕಣದಲ್ಲಿ ವಾಚಕನ ಪ್ರಶ್ನೆಯೇ ವಿಷಯವನ್ನೂ ಸಂಶಯವನ್ನೂ ಒದಗಿಸಿಬಿಡುತ್ತದೆ. ಕೇಳಿದವನು ಎದುರಿಗೆ ಕುಳಿತಿರುವುದರಿಂದ ಉತ್ತರವು ಅತ್ತಿತ್ತ ಅಲೆಯಲಾರದು. ಆದರೆ ಅಲ್ಲಿ ಸಂಗತಿಯೊಂದನ್ನು ಹುಡುಕಬಾರದು. ಒಂದು ಶಬ್ದದಿಂದ ಮತ್ತೊಂದಕ್ಕೆ ಸೇತುವೆ ಕಟ್ಟುವ ಹೊಣೆ ಅಂಕಣಕಾರನದಲ್ಲ.

ಪ್ಯಾರಾದಿಂದ ಪ್ಯಾರಾಕ್ಕೆ ದಾಟುವ ನಡೆಯನ್ನು ಬಸವನಗುಡಿಯ ಶ್ರೀ ಡಿ. ವಿ. ಗುಂಡಪ್ಪನವರ ‘ಜ್ಞಾಪಕ ಚಿತ್ರಶಾಲೆ’ಯಲ್ಲಿ ನೋಡಬೇಕು. ಒಂದು ಪ್ರಸಂಗದಲ್ಲಿ ಕಂಡ ಗುಣವೇ ಮುಂದಿನ ಪ್ರಸಂಗವನ್ನು ಕೈಹಿಡಿದು ಕರೆತರುತ್ತದೆ. ಆದರೆ ಕೆಲವೆಡೆ ಮೊದಲ ವಾಕ್ಯವು ಮಾಡಬೇಕಾದ ಕೆಲಸವನ್ನು ಅವರು ಕಿರುದಲೆಬರಹಕ್ಕೆ ಒಪ್ಪಿಸಿರುವರು. ಆ ಕೈಗೆ ಅದು ಸಲ್ಲುತ್ತದೆ; ಅನುಕರಿಸುವ ಬಾಲಕನಿಗೆ ಸಲ್ಲದು.

ತರಗತಿಯಲ್ಲಿ ಅರವತ್ತು ಮಂದಿಯಿರುವಾಗ ಇಷ್ಟೆಲ್ಲ ನೋಡಲು ಬಿಡುವೆಲ್ಲಿ ಎಂದು ಉಪಾಧ್ಯಾಯರು ಕೇಳುವರು. ಕೇಳುವುದು ನ್ಯಾಯವೇ. ಆ ಬಿಡುವಿಲ್ಲದುದರಿಂದಲೇ ಹುಡುಗರು ಗೈಡಿನ ಪ್ರಬಂಧವನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ. ತಮ್ಮ ಬೀದಿಯ ವಿಷಯದಲ್ಲಿ ತಮಗೇ ಏನು ತೋರಿತೆಂಬುದು ಅವರಿಗೆ ಕೊನೆಯವರೆಗೂ ತಿಳಿಯದು. ಆದರೆ ಮೂರು ಪುಟದ ಪ್ರಬಂಧವನ್ನು ತಿದ್ದುವ ವೇಳೆಯಲ್ಲಿ ಎಂಟು ವಾಕ್ಯದ ಆರು ಪ್ಯಾರಾಗಳನ್ನು ತಿದ್ದಬಹುದು. ಅದೂ ಬೇಡವಾದರೆ ನಡುವಣ ವಾಕ್ಯವೊಂದನ್ನು ಹೊಡೆದುಹಾಕಿ, ಪುಸ್ತಕವನ್ನು ಪಕ್ಕದ ಹುಡುಗನ ಕೈಗೆ ಕೊಡಲಿ. ಅವನು ಓದುತ್ತ ಓದುತ್ತ ಅಲ್ಲಿಗೆ ಬಂದು ಹುಬ್ಬು ಗಂಟಿಕ್ಕಿದರೆ ಬರೆದವನಿಗೆ ಅಂಕ ಕೊಡಬಹುದು.